ಗಾಲಿಗೆ ಕಟ್ಟಿದ ಗೆಜ್ಜೆ: ಜಾರುವ ಏರಿನಿಂದ ಸೌದೆ ತಂದ ನನ್ನ ಅನುಭವ

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವವರಿಗೆ ಸೌದೆಯ ಚಿಂತೆ ಯಾವ ತಿಂಗಳಲ್ಲಿ ಹತ್ತಿಕೊಳ್ಳುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಒಂದು ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಉರಿಯಬೇಕು, ಸೊಪ್ಪು ಬೇಯಿಸುವ ಕಟ್ಟಡವಾದ ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಐದಾರು ದಿನ ಹಗಲುರಾತ್ರಿ ಅದು ಆರುವಂತಿಲ್ಲ, ಆ ಹೊತ್ತಿಗೆ ಸರಿಯಾಗಿ ಕೊಡಗಿನ ಕಡೆಯಿಂದ ಜಡಿಮಳೆ ಹಿಡಿದುಕೊಂಡಿರುತ್ತದೆ. ನಮ್ಮ ಸೌದೆಯೆಲ್ಲ ಬರುವುದು ಹಳ್ಳದ ಪಕ್ಕದ ಮೂರು ಎಕರೆ ತೋಪಿನಿಂದ. ಅಲ್ಲಿ ಸಿಲ್ವರ್ ಓಕ್ ಇದೆ, ಹಳೆಯ ನೀಲಗಿರಿ ಬುಡಗಳಿಂದ ಚಿಗುರಿದ ಮರಗಳಿವೆ. ಬೇಸಿಗೆಯಲ್ಲೇ ಎಲ್ಲವನ್ನೂ ತಂದು ಪೇರಿಸಿಟ್ಟುಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಎರಡು ಬ್ಯಾರನ್‌ಗಾಗುವಷ್ಟು ಸೌದೆ ಪೇರಿಸುವ ಜಾಗ ಮನೆಯ ಹತ್ತಿರವಿಲ್ಲದ್ದರಿಂದ ಅರ್ಧ ಭಾಗ ತೋಪಿನಲ್ಲೇ ಒಣಗುತ್ತ ಉಳಿಯುತ್ತದೆ, ಆ ಅರ್ಧ ಬೇಕಾಗುವುದು ಆಗಸ್ಟಿನಲ್ಲಿ.

ತೋಪಿನಿಂದ ಮೇಲಿನ ದಾರಿಗೆ ಬರುವ ಏರು ಸುಮಾರು 250 ಅಡಿ ಉದ್ದವಿದೆ. ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪು ಹಿಡಿದು ಅಳೆದಾಗ ತೀರಾ ಕಡಿದಾದ ಕಡೆ 10 ಅಡಿಗೆ ಎರಡೂವರೆ ಅಡಿ ಏರಿತ್ತು. ಕೆಂಪುಮಣ್ಣಿನ ಮೇಲೆ ಸಿಲ್ವರ್ ಓಕ್ ಎಲೆ ಕೊಳೆತು ಹಾಸಿಕೊಂಡಿರುವುದರಿಂದ ಮಳೆ ಬಿದ್ದರೆ ಅದು ಸೋಪು ಹಚ್ಚಿದ ಹಲಗೆಯಂತಾಗುತ್ತದೆ. ನನ್ನದು 45 ಅಶ್ವಶಕ್ತಿಯ, ಎರಡು ಗಾಲಿಗೆ ಮಾತ್ರ ಎಳೆತವಿರುವ ಟ್ರ್ಯಾಕ್ಟರ್ ಗಾಡಿ, ಹಿಂದಿನ ಟೈರು 13.6-28, ಅಂದರೆ ಅಗಲ 13.6 ಇಂಚು, ರಿಮ್ಮು 28 ಇಂಚು. ಫೋರ್ ವೀಲ್ ಡ್ರೈವ್ ತೆಗೆದುಕೊಳ್ಳದೆ ಈ ಏರು ಹತ್ತುವುದಿಲ್ಲ ಎಂದು ಊರಿನವರೂ ಹೇಳಿದರು, ಮೆಕ್ಯಾನಿಕ್ಕೂ ಹೇಳಿದ. ಹಳೆಯ ಗಾಡಿಯನ್ನು ಕೊಟ್ಟು ಅದನ್ನು ತರಲು ಕೈಯಿಂದ ಹಾಕಬೇಕಾಗಿದ್ದ ಹಣದಲ್ಲಿ ನನಗೆ ಹತ್ತು ವರ್ಷದ ಸೌದೆ ಬರುತ್ತಿತ್ತು. ಹಾಗಾಗಿ ನಾನು ಇರುವ ಗಾಡಿಯಲ್ಲೇ ಹಟ ಹಿಡಿದೆ.

ಮೊದಲ ವರ್ಷ ಕಳೆದುಕೊಂಡದ್ದೇ ಹೆಚ್ಚು. ಮಡ್‌ಗಾರ್ಡ್ ಮೇಲೆ ಮರಳಿನ ಮೂಟೆ ಕಟ್ಟಿದೆ. ಮೂಟೆ ಹರಿದು ಮರಳು ಬ್ರೇಕಿನ ಸಂದಿಗೆ ಇಳಿಯಿತು. ಗಾಲಿಗೆ ತೆಂಗಿನ ನಾರಿನ ಹಗ್ಗ ಸುತ್ತಿದೆ. ಒಂದು ಸಲ ಚೆನ್ನಾಗಿ ಹತ್ತಿತು, ಎರಡನೆಯ ಸಲಕ್ಕೆ ಹಗ್ಗವೆಲ್ಲ ನಾರು ನಾರಾಗಿ ಆಕ್ಸಲ್‌ಗೆ ಸುತ್ತಿಕೊಂಡು, ಬಿಡಿಸಲು ಅರ್ಧ ದಿನ ಹಿಡಿಯಿತು. ಆಮೇಲೆ ಪಾಂಡವಪುರದ ಕಡೆ ನೆಂಟರ ಮನೆಯಿಂದ ಗದ್ದೆ ಕೆಸರು ಮಾಡಲು ಗಾಲಿಗೆ ಜೋಡಿಸುವ, ಕಬ್ಬಿಣದ ಪಟ್ಟಿಗಳ ಅರ್ಧ ಕೇಜ್ ವೀಲ್ ತಂದೆ. ಬಯಲು ಗದ್ದೆಯಲ್ಲಿ ಅದಕ್ಕೆ ಸಮನಾದುದಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಕೊರಡು, ಬೇರು ಇರುವ ಇಳಿಜಾರಿಗೆ ಅದು ತಕ್ಕದ್ದಲ್ಲ. ಎಡಗಡೆಯ ಪಟ್ಟಿ ಒಂದು ಸಿಲ್ವರ್ ಓಕ್ ಬುಡಕ್ಕೆ ಸಿಕ್ಕಿ, ಆ ಗಾಲಿ ನಿಂತು, ಬಲಗಾಲಿ ಮಾತ್ರ ಮುಂದೆ ಹೋಗಿ ಗಾಡಿ ಅಡ್ಡಲಾಗಿ ತಿರುಗಿತು. ಉರುಳಲಿಲ್ಲ, ಮರಕ್ಕೆ ಒರಗಿ ನಿಂತಿತು. ಕೇಜ್ ಪಟ್ಟಿ ನೆಟ್ಟಗೆ ಮಾಡಿಸಿ ಹಿಂದಿರುಗಿಸಲು 1,800 ರೂಪಾಯಿ, ಗಾಡಿಯನ್ನು ಮೇಲಕ್ಕೆಳೆಯಲು ಜೆಸಿಬಿಗೆ ಎರಡೂವರೆ ಸಾವಿರ ಕೊಟ್ಟೆ. ಆ ವರ್ಷ ಸಾಲದ್ದಕ್ಕೆ ಟನ್ನಿಗೆ ನಾಲ್ಕು ಸಾವಿರದ ಆಸುಪಾಸು ಕೊಟ್ಟು ಹಸಿಸೌದೆ ಕೊಂಡೆ. ಹಸಿಸೌದೆಯಲ್ಲಿ ಬೆಂದ ಸೊಪ್ಪು ಹರಾಜಿನಲ್ಲಿ ಕೆಳದರ್ಜೆಗೆ ಹೋಗುತ್ತದೆ ಎಂಬುದು ಬೆಳೆಯುವವರಿಗೆ ಗೊತ್ತು.

ಎರಡನೆಯ ವರ್ಷ, ಗಾಲಿ ಜಾರದಂತೆ ಭಾರ ಬರಲೆಂದು ಟೈರಿಗೆ ನೀರು ತುಂಬಿಸಿದೆ. ಇದು ಹಳೆಯ ಪದ್ಧತಿ, ನಮ್ಮಲ್ಲಿ ಎಲ್ಲರೂ ಬಲ್ಲರು, ಮಾಡುವವರು ಕಡಿಮೆ. ಬ್ಯಾರನ್ ಮಾಳಿಗೆಯ ಮೇಲೆ ಡ್ರಮ್ಮು ಇಟ್ಟು, ಗಾಲಿಯನ್ನು ಜಾಕಿಯಲ್ಲಿ ಎತ್ತಿ, ವಾಲ್ವ್ ಮೇಲ್ಗಡೆ ಬರುವಂತೆ ನಿಲ್ಲಿಸಿ ಪೈಪು ಜೋಡಿಸಿದರೆ ನೀರು ತಾನಾಗಿ ಇಳಿಯುತ್ತದೆ, ನಡುನಡುವೆ ಗಾಳಿ ಬಿಡುತ್ತಿರಬೇಕು ಅಷ್ಟೆ. ವಾಲ್ವಿನಿಂದ ನೀರು ಬರತೊಡಗಿದರೆ ಮುಕ್ಕಾಲು ಭಾಗ ತುಂಬಿತೆಂದು ಅರ್ಥ. ಒಂದೊಂದು ಟೈರಿಗೆ 150 ಲೀಟರಿನ ಮೇಲೆ ಹಿಡಿಯಿತು, ಅಂದರೆ ಎರಡೂ ಸೇರಿ 300 ಕಿಲೋಗೂ ಹೆಚ್ಚಿನ ಭಾರ, ಖರ್ಚಿಲ್ಲದೆ. ಆಸೆಗೆ ಬಿದ್ದು ಬಲಗಾಲಿಗೆ ವಾಲ್ವನ್ನು ಇನ್ನಷ್ಟು ತಿರುಗಿಸಿ ಪೂರ್ತಿ ತುಂಬಿದ್ದು ತಪ್ಪಾಯಿತು. ಒಳಗೆ ಗಾಳಿಯೇ ಇಲ್ಲದ ಟೈರು ಕಲ್ಲಿನ ಗುಂಡಿನಂತೆ ನಿಂತು ನೆಲಕ್ಕೆ ಅಂಟದೆ ಜಾರುತ್ತಿತ್ತು. ನೀರು ಕಡಿಮೆ ಮಾಡಿ ಮೇಲೆ ಗಾಳಿ ಹಾಕಿದ ಮೇಲೆ ಸರಿಹೋಯಿತು.

ಗಾಳಿಯ ವಿಷಯದಲ್ಲೂ ಪಾಠವಾಯಿತು. ದಾರಿಯಲ್ಲಿ ನಾವು ಹಾಕಿಸುವ 18 ಪೌಂಡನ್ನು ಇಳಿಸಿದರೆ ಟೈರು ಅಗಲವಾಗಿ ಕೂರುತ್ತದೆ ಎಂಬ ಲೆಕ್ಕದಲ್ಲಿ 8 ಪೌಂಡಿಗೆ ತಂದೆ. ಏರಿನ ನಡುವೆ ರಿಮ್ಮು ತಿರುಗಿತು, ಟೈರು ನಿಂತಿತು, ಟ್ಯೂಬಿನ ವಾಲ್ವ್ ಕಿತ್ತು ನೀರು ಕಾರಂಜಿಯಂತೆ ನನ್ನ ಬೆನ್ನಿಗೆ ಹೊಡೆಯಿತು. ಟ್ಯೂಬಿಗೆ ಎರಡು ಸಾವಿರದ ಹತ್ತಿರ ಹೋಯಿತು. ಅಂದಿನಿಂದ 12 ಪೌಂಡಿಗಿಂತ ಕೆಳಗೆ ಇಳಿಸಿಲ್ಲ. ಗಾಳಿ ನೋಡುವಾಗಲೂ ವಾಲ್ವ್ ಮೇಲ್ಗಡೆ ಇರಬೇಕು. ಇಲ್ಲದಿದ್ದರೆ ಗೇಜಿಗೆ ನೀರು ಹೋಗಿ ಅದು ಹಾಳಾಗುತ್ತದೆ, ನನ್ನವು ಎರಡು ಹೋಗಿವೆ.

ಇಲ್ಲಿ ಒಂದು ಅಡ್ಡದಾರಿಯ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಸಕ್ಕರೆ ಕರಗಿದ ನೀರು ಬರಿಯ ನೀರಿಗಿಂತ ಭಾರವಲ್ಲವೇ, ಹಾಗಾದರೆ ಬೆಲ್ಲದ ನೀರು ತುಂಬಿದರೆ ಹೇಗೆ ಎಂದು ತಲೆಗೆ ಬಂತು. ಮಂಡ್ಯದ ಕಡೆ ಆಲೆಮನೆ ನಡೆಸುವ ನಮ್ಮ ಭಾವಮೈದುನ ಕರಗಿ ಹಾಳಾಗಿದ್ದ ಎರಡು ಮೂಟೆ ಬೆಲ್ಲ ಕೊಟ್ಟರು. ಕರಗಿಸಿ ಎಡಗಾಲಿಗೆ ತುಂಬಿದೆ. ಹದಿನೈದು ದಿನ ಕಳೆಯುವಷ್ಟರಲ್ಲಿ 12 ಪೌಂಡು ಇದ್ದ ಗಾಳಿ ತಾನಾಗಿಯೇ 20 ದಾಟಿತ್ತು. ಏನಿರಬಹುದೆಂದು ಭಾವಮೈದುನ ಬಗ್ಗಿ ವಾಲ್ವಿನ ಪಿನ್ನು ಒತ್ತಿದರು. ಬುಸ್ಸೆಂದು ಕಂದು ನೊರೆ ಅವರ ಮುಖಕ್ಕೂ ಬಿಳಿ ಅಂಗಿಗೂ ಹಾರಿತು, ಹಟ್ಟಿಯೆಲ್ಲ ಹುಳಿಹೆಂಡದ ವಾಸನೆ ಹಿಡಿಯಿತು. ಕೊಟ್ಟಿಗೆಯ ಎತ್ತುಗಳು ಮೂಗು ಎತ್ತಿಕೊಂಡು ಆ ಕಡೆಗೇ ನೋಡುತ್ತಿದ್ದವು. ಟೈರನ್ನು ಬರಿದು ಮಾಡಿ ತೊಳೆದು ಬಾವಿಯ ನೀರನ್ನೇ ತುಂಬಿದೆ.

ಭಾರ ಹಾಕಿದ್ದರಿಂದ ಖಾಲಿ ಗಾಡಿ ಹತ್ತಿತು, ಸೌದೆ ತುಂಬಿದ ಟ್ರೇಲರ್ ಹತ್ತಲಿಲ್ಲ. ಆಗಲೇ ಗಾಲಿಗೆ ಸರಪಳಿ ಸುತ್ತುವ ಯೋಚನೆ ಬಂದದ್ದು. ನಮ್ಮ ಅಳತೆಯ ಟೈರಿಗೆ ಸಿದ್ಧ ಸರಪಳಿ ಮೈಸೂರಿನಲ್ಲಿ ಎಲ್ಲೂ ಸಿಗಲಿಲ್ಲ. ಹುಣಸೂರಿನಲ್ಲಿ ವೆಲ್ಡಿಂಗ್ ಮಾಡುವವರೊಬ್ಬರ ಹತ್ತಿರ 8 ಮಿಲಿಮೀಟರ್ ಸರಪಳಿಯಲ್ಲಿ ಏಣಿಯಂತೆ ಮಾಡಿಸಿದೆ, ಎರಡು ಪಕ್ಕಕ್ಕೆ ಉದ್ದ ಸರಪಳಿ, ನಡುವೆ ಅಡ್ಡ ಮೆಟ್ಟಿಲುಗಳು. ಆರು ಸಾವಿರ ಹೋಯಿತು, ಕೆಲಸ ಆಗಲಿಲ್ಲ. ಟ್ರ್ಯಾಕ್ಟರ್ ಟೈರಿನ ಹಲ್ಲುಗಳ ನಡುವಿನ ಸಂದು ಎಷ್ಟು ಆಳವೆಂದರೆ ಅಡ್ಡ ಸರಪಳಿಗಳೆಲ್ಲ ಹೋಗಿ ಆ ಸಂದಿನಲ್ಲೇ ಮಲಗಿಬಿಟ್ಟವು. ನೆಲ ಮುಟ್ಟಿದ್ದು ಮೊದಲಿನಂತೆ ಬರಿಯ ರಬ್ಬರು. ಅದನ್ನು ನೋಡಿ ನಮ್ಮ ದೊಡ್ಡಪ್ಪ, “ಏನ್ಲಾ, ಗಾಲಿಗೆ ಗೆಜ್ಜೆ ಕಟ್ಬುಟ್ಟು ಕುಣಿಸೀಯಾ?” ಎಂದರು. ಆ ಹೆಸರು ಊರಿನಲ್ಲಿ ನಿಂತುಹೋಯಿತು.

ಮೂರನೆಯ ವರ್ಷ 10 ಮಿಲಿಮೀಟರಿನ ಗಟ್ಟಿ ಸರಪಳಿಯನ್ನು ಮೈಸೂರಿನ ಗುಜರಿಯಿಂದ ತೂಕಕ್ಕೆ ತಂದೆ. ಎರಡು ಗಾಲಿಗೂ ಸೇರಿ ಸುಮಾರು 28 ಮೀಟರ್, 60 ಕಿಲೋಗಿಂತ ಸ್ವಲ್ಪ ಮೇಲೆ, ಐದೂವರೆ ಸಾವಿರ. ಈ ಸಲ ಮೆಟ್ಟಿಲು ಬಿಟ್ಟು, ಬೇಲಿಗೆ ಹಾಕುವ ಜಾಲರಿಯಂತೆ ಓರೆಯಾಗಿ ಹೆಣೆದು, ಓರೆಗಳು ಸಂಧಿಸುವ ಕಡೆ ಬಳೆ ಹಾಕಿಸಿದೆ. ಹೀಗೆ ಮಾಡಿದರೆ ಪ್ರತಿ ಎಳೆಯೂ ಯಾವುದಾದರೊಂದು ಹಲ್ಲಿನ ಮೇಲೆ ಹಾದುಹೋಗಲೇಬೇಕು, ಸಂದಿಗೆ ಬೀಳಲು ಪಕ್ಕದ ಎಳೆ ಬಿಡುವುದಿಲ್ಲ. ಕೂಲಿ ನಾಲ್ಕು ಸಾವಿರ. ಬಿಗಿಯಾಗಿರಲು ಹೊರಪಕ್ಕದಲ್ಲಿ ಹಳೆಯ ಲಾರಿ ಟ್ಯೂಬಿನ ರಬ್ಬರ್ ಪಟ್ಟಿಗಳನ್ನು ಕೊಕ್ಕೆಗೆ ಸಿಕ್ಕಿಸಿ ನಾಲ್ಕು ಕಡೆ ಎಳೆದಿದ್ದೇನೆ. ಓರೆ ಎಷ್ಟಿರಬೇಕು, ಕೊನೆಯ ಕೊಂಡಿಯನ್ನು ಒಬ್ಬನೇ ಹೇಗೆ ಹಾಕಬಹುದು ಎಂಬ ಎರಡು ಗುಟ್ಟುಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂರು ವರ್ಷದ ಹಣ ಅದರಲ್ಲಿದೆ.

ಆದರೂ ಅರ್ಧ ಕೆಲಸ ಮಾಡಿದ್ದು ಸರಪಳಿಯಲ್ಲ, ಟ್ರೇಲರ್ ಬಿಟ್ಟದ್ದು. ಟ್ರೇಲರಿನಲ್ಲಿ ತುಂಬಿದ ಸೌದೆಯ ಭಾರ ಬಹುಪಾಲು ಎಳೆತವಿಲ್ಲದ ಅದರ ಗಾಲಿಗಳ ಮೇಲೆ ಕೂತು ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಅದರ ಬದಲು ಹಳೆಯ ಕಲ್ಟಿವೇಟರಿನ ಚೌಕಟ್ಟನ್ನು ಕತ್ತರಿಸಿ, ಗಾಡಿಯ ಹಿಂದಿನ ಲಿಫ್ಟಿಗೆ ಹೂಡಿ, ಎಂಟು ಹತ್ತಡಿಯ ದಿಮ್ಮಿಗಳ ಬುಡವನ್ನು ಅದಕ್ಕೆ ಬಿಗಿದು ಒಂದಡಿ ಎತ್ತಿಕೊಂಡು ತುದಿಯನ್ನು ನೆಲದ ಮೇಲೆ ಎಳೆದು ತಂದರೆ, ಎತ್ತಿದ ಭಾರವೆಲ್ಲ ಹಿಂದಿನ ಗಾಲಿಗಳ ಮೇಲೆಯೇ ಬೀಳುತ್ತದೆ. ಜಗ್ಗುತ್ತಿದ್ದ ಹೊರೆಯೇ ಗಾಲಿಯನ್ನು ಕೆಸರಿಗೆ ಒತ್ತುತ್ತದೆ. ಒಂದು ಸಲಕ್ಕೆ 400 ಕಿಲೋ ಬರುತ್ತದೆ, ಟ್ರೇಲರಿನ ಕಾಲು ಭಾಗವೂ ಅಲ್ಲ, ಆದರೆ ಪ್ರತಿ ಸಲವೂ ಬರುತ್ತದೆ. ಹಿಂದೆ ಇಷ್ಟು ಭಾರವಾದರೆ ಮುಂಗಾಲಿ ಮೇಲೇಳುತ್ತದೆ, ಆದ್ದರಿಂದ ಮುಂದುಗಡೆ ಕಬ್ಬಿಣದ ತೂಕಗಳನ್ನು ಕಟ್ಟಲೇಬೇಕು. ದಿಮ್ಮಿಗೆ ಕಟ್ಟಿದ ಸರಪಳಿಯನ್ನು ಆಕ್ಸಲ್‌ಗಿಂತ ಮೇಲೆ, ಅದರಲ್ಲೂ ಲಿಫ್ಟಿನ ಮೇಲಿನ ಕೊಂಡಿಯಾದ ಟಾಪ್ ಲಿಂಕಿಗೆ ಸಿಕ್ಕಿಸಿ ಎಳೆಯುವ ಚಾಳಿ ನಮ್ಮ ಹುಡುಗರಲ್ಲಿದೆ. ದಿಮ್ಮಿ ಬೇರಿಗೆ ಸಿಕ್ಕಿತೆಂದರೆ ಕ್ಲಚ್ಚಿಗೆ ಕಾಲಿಡುವಷ್ಟರಲ್ಲಿ ಗಾಡಿ ಹಿಂದಕ್ಕೆ ಮಗುಚಿ ಓಡಿಸುವವನ ಮೇಲೆಯೇ ಬೀಳುತ್ತದೆ. ಕಟ್ಟುವುದು ಎಂದೂ ಆಕ್ಸಲ್‌ಗಿಂತ ಕೆಳಗೇ ಇರಬೇಕು.

ಓಡಿಸುವುದರಲ್ಲಿ ಹೆಚ್ಚು ಹೇಳುವುದಿಲ್ಲ. ಲೋ ಎರಡನೆಯ ಗೇರು, ಒಂದೇ ಸಮನೆ ಆಕ್ಸಿಲರೇಟರು, ಎರಡು ಗಾಲಿಯೂ ಜೊತೆಗೇ ತಿರುಗುವಂತೆ ಹಿಡಿಯುವ ಡಿಫರೆನ್ಷಿಯಲ್ ಲಾಕನ್ನು ಗಾಲಿ ಜಾರುವ ಮೊದಲೇ ತುಳಿಯುವುದು, ಅದು ಹಿಡಿದಿರುವಾಗ ಸ್ಟಿಯರಿಂಗ್ ತಿರುಗಿಸದಿರುವುದು. ಗಾಲಿ ಒಮ್ಮೆ ಗಿರಗಿರನೆ ಸುತ್ತಿ ಗುಂಡಿ ತೋಡಿತೆಂದರೆ ಯಾವ ಸರಪಳಿಯೂ ಮೇಲೆತ್ತುವುದಿಲ್ಲ. ದಿಮ್ಮಿ ಎಳೆದ ಗೀರಿನಲ್ಲಿ ಮಳೆನೀರು ಹರಿದು ಮೊದಲ ವಾರದಲ್ಲೇ ದಾರಿ ಕೊರಕಲಾಯಿತು, ಈಗ 30 ಅಡಿಗೊಂದು ಓರೆಗಟ್ಟೆ ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸುತ್ತೇನೆ.

ಕಳೆದ ಆಗಸ್ಟಿನಲ್ಲಿ, ಎರಡು ದಿನ ಮಳೆ ಬಿಡದೆ ಸುರಿದ ಮರುದಿನ, ಬೆಳಗಿನಿಂದ ಸಂಜೆಯವರೆಗೆ ಹನ್ನೊಂದು ಸಲ ಹತ್ತಿಸಿದೆ, ಒಮ್ಮೆಯೂ ಸಿಕ್ಕಿಹಾಕಿಕೊಳ್ಳಲಿಲ್ಲ. ಫೋರ್ ವೀಲ್ ಡ್ರೈವ್ ಇರುವ ಪಕ್ಕದ ತೋಟದವರು ಅಂದು ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆದಿರಲಿಲ್ಲ. ಸರಪಳಿ ಎರಡು ಹಂಗಾಮು ಸವೆದಿದೆ, ಏಳೆಂಟು ಬಳೆಗಳನ್ನು ಬದಲಿಸಿದ್ದೇನೆ, ಒಳಪಕ್ಕದ ಎಳೆಯಲ್ಲಿ ಎರಡು ಕೊಂಡಿ ತೆಳುವಾಗಿವೆ. ಹೋದ ತಿಂಗಳು ದೊಡ್ಡಪ್ಪ ಮಗನನ್ನು ಕಳಿಸಿ “ಗೆಜ್ಜೆ ಎರಡು ದಿನ ಬೇಕಂತೆ” ಎಂದು ಹೇಳಿಸಿದರು. ಅವರ ಟೈರು 14.9, ನನ್ನ ಸರಪಳಿ ಅದಕ್ಕೆ ಒಂದು ಗೇಣು ಸಾಲದೆ ಬಂತು. ಹುಡುಗ ದಾರ ಹಿಡಿದು ಅಳತೆ ತೆಗೆದುಕೊಂಡು ಹೋಗಿದ್ದಾನೆ.