ಬೈಕ್ ಹೋಲಿಕೆ ವಿಮರ್ಶೆಯ ತೀರ್ಪನ್ನು ಪ್ರಶ್ನಿಸುವ ಬಗೆ

ಪತ್ರಿಕೆಯೊಂದು ಎರಡು ಬೈಕುಗಳನ್ನು ಹೋಲಿಸಿ ಕೊಟ್ಟ ತೀರ್ಪು ನಿಮಗೆ ಒಪ್ಪಿಗೆಯಾಗದಿದ್ದರೆ, ಅದರಲ್ಲಿ ಅಳತೆ ಯಾವುದು, ಅಭಿಪ್ರಾಯ ಯಾವುದು ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಉಪಕರಣದಿಂದ ಅಳೆದ ವೇಗವನ್ನಾಗಲಿ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರವನ್ನಾಗಲಿ ಸಕಾರಣವಿಲ್ಲದೆ ಅಲ್ಲಗಳೆಯಬಾರದು. ಪ್ರಶ್ನಿಸಬೇಕಾದುದು ಯಾವ ಅಂಶಕ್ಕೆ ಎಷ್ಟು ತೂಕ, ಅಂದರೆ ಮಹತ್ವ, ಕೊಟ್ಟರು ಎಂಬುದನ್ನು.

ಕಾಲ್ಪನಿಕ ಉದಾಹರಣೆಯೊಂದನ್ನು ನೋಡೋಣ. ಎಂಜಿನ್, ಹ್ಯಾಂಡ್ಲಿಂಗ್ (ತಿರುವುಗಳಲ್ಲಿ ಗಾಡಿ ಹಿಡಿತಕ್ಕೆ ಸಿಗುವ ಬಗೆ), ಬ್ರೇಕ್, ಆರಾಮ, ಮೈಲೇಜ್ ಎಂಬ ಐದು ಅಂಶಗಳಿಗೆ ಮೊದಲ ಬೈಕು 9, 9, 8, 6, 5 ಅಂಕಗಳನ್ನೂ ಎರಡನೆಯದು 7, 7, 8, 8, 6 ಅಂಕಗಳನ್ನೂ ಪಡೆದರೆ, ಒಟ್ಟು 37ಕ್ಕೆ 36 ಆಗಿ ಮೊದಲನೆಯದು ಗೆಲ್ಲುತ್ತದೆ. ನಿತ್ಯ ಕಚೇರಿಗೆ ಹೋಗುವ ನೀವು ಆರಾಮ ಮತ್ತು ಮೈಲೇಜನ್ನು ದುಪ್ಪಟ್ಟು ಲೆಕ್ಕ ಹಿಡಿದರೆ 48ಕ್ಕೆ 50 ಆಗಿ ಎರಡನೆಯದು ಗೆಲ್ಲುತ್ತದೆ. ಅಂಕಗಳು ಪತ್ರಿಕೆಯವೇ, ತೂಕ ಮಾತ್ರ ನಿಮ್ಮದು. ಅಂಕಗಳನ್ನು ಸುಮ್ಮನೆ ಕೂಡಿಸುವುದೂ ಎಲ್ಲಕ್ಕೂ ಸಮಾನ ತೂಕ ಕೊಡುವ ಒಂದು ನಿರ್ಧಾರವೇ ಆಗಿದ್ದು, ಅದಕ್ಕೆ ಕಾರಣ ಕೇಳುವ ಹಕ್ಕು ಓದುಗರಿಗಿದೆ.

ಅಂಕಿಅಂಶಗಳ ಪಟ್ಟಿಯನ್ನು ಓದುವುದರಲ್ಲೂ ಎಚ್ಚರ ಬೇಕು. 2020ರಲ್ಲಿ ಬಂದ ಹೋಂಡಾ ಹೈನೆಸ್ ಸಿಬಿ350 ಮತ್ತು 2021ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಎರಡರ ಗರಿಷ್ಠ ಶಕ್ತಿಯೂ ಸುಮಾರು 20ರಿಂದ 21 ಅಶ್ವಶಕ್ತಿ. ಆದರೆ ಹೋಂಡಾದ 30 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) 3,000 ಆರ್‌ಪಿಎಂನಲ್ಲಿಯೇ, ಅಂದರೆ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗಲೇ, ಸಿಗುತ್ತದೆ. ಕ್ಲಾಸಿಕ್‌ನ 27 ನ್ಯೂಟನ್ ಮೀಟರ್ ಸಿಗಲು 4,000 ಆರ್‌ಪಿಎಂ ತಲುಪಬೇಕು. ಗಾಡಿಯ ತೂಕದಲ್ಲಿಯೂ ಕ್ರಮವಾಗಿ 181 ಮತ್ತು 195 ಕಿಲೋ ಎಂಬ ವ್ಯತ್ಯಾಸವಿದೆ. ಇಷ್ಟರಿಂದಲೇ ಹೋಂಡಾ ಚೆನ್ನಾಗಿ ಎಳೆಯುತ್ತದೆ ಎಂದು ತೀರ್ಮಾನಿಸುವುದೂ ಸರಿಯಲ್ಲ, ಏಕೆಂದರೆ ಎಂಜಿನ್ ಕೊಟ್ಟ ಟಾರ್ಕ್ ಹಿಂದಿನ ಚಕ್ರಕ್ಕೆ ಎಷ್ಟು ತಲುಪುತ್ತದೆ ಎಂಬುದನ್ನು ಗೇರ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ) ನಿರ್ಧರಿಸುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಹತ್ತುವವರಿಗೆ ಸೊನ್ನೆಯಿಂದ 100 ಕಿಲೋಮೀಟರ್ ವೇಗ ಮುಟ್ಟುವ ಸಮಯಕ್ಕಿಂತ, ಗೇರ್ ಬದಲಿಸದೆ 30ರಿಂದ 70ಕ್ಕೆ ಏರುವ ಸಮಯ, ಅಂದರೆ ರೋಲ್-ಆನ್ ಅಂಕಿ, ಹೆಚ್ಚು ಉಪಯುಕ್ತ. ನನ್ನ ದೃಷ್ಟಿಯಲ್ಲಿ ನಮ್ಮ ರಸ್ತೆಗಳಿಗೆ ಇದಕ್ಕಿಂತ ಪ್ರಾಮಾಣಿಕವಾದ ಅಂಕಿ ಇನ್ನೊಂದಿಲ್ಲ. ಆದರೂ ಅದು ಸಾಮಾನ್ಯವಾಗಿ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ.

ಪರೀಕ್ಷೆ ಎಲ್ಲಿ ನಡೆಯಿತು ಎಂಬುದನ್ನೂ ಗಮನಿಸಿ. ಚೆನ್ನೈ ಹೊರವಲಯದ ರೇಸ್ ಟ್ರ್ಯಾಕ್‌ನಲ್ಲಿ ಕೆಲವು ಸುತ್ತು ಹೊಡೆದು ಬರೆದ ಲೇಖನ ಹಂಪುಗಳ ಬಗ್ಗೆ ಏನನ್ನೂ ಹೇಳಲಾರದು.

ಮೈಲೇಜಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದರೆ ನೀವೇ ಅಳೆಯಬಹುದು. ಟ್ಯಾಂಕನ್ನು ಒಂದು ಗುರುತಿನವರೆಗೆ ತುಂಬಿಸಿ, ಟೈರ್ ಗಾಳಿಯನ್ನು ಸರಿಪಡಿಸಿ, ನಿಮ್ಮ ನಿತ್ಯದ ದಾರಿಯಲ್ಲಿ 200 ಕಿಲೋಮೀಟರಿಗೆ ಕಡಿಮೆಯಾಗದಂತೆ ಓಡಿಸಿರಿ. ಆಮೇಲೆ ಅದೇ ಬಂಕಿನಲ್ಲಿ, ಗಾಡಿಯನ್ನು ಅದೇ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದೇ ಗುರುತಿನವರೆಗೆ ತುಂಬಿಸಿ, ಓಡಿದ ದೂರವನ್ನು ಹಿಡಿದ ಲೀಟರುಗಳಿಂದ ಭಾಗಿಸಿರಿ. ಒಂದು ಸಲದ ಲೆಕ್ಕ ಸಾಲದು, ಮೂರು ಸಲವಾದರೂ ಮಾಡಿರಿ.

ಸಂಪಾದಕರಿಗೆ ಪತ್ರ ಬರೆಯುವಾಗ ಸಂಚಿಕೆ, ಪುಟ, ನೀವು ಒಪ್ಪದ ವಾಕ್ಯ, ನಿಮ್ಮ ಬೈಕಿನ ಮಾದರಿ ಮತ್ತು ಓಡಿದ ಕಿಲೋಮೀಟರುಗಳನ್ನು ನಮೂದಿಸಿ, ಅಂಶಗಳಿಗೆ ತೂಕ ಹಂಚಿದ ಕ್ರಮವನ್ನು ಮುಂದಿನ ಹೋಲಿಕೆಯಲ್ಲಿ ಪ್ರಕಟಿಸುವಂತೆ ಕೇಳಿರಿ. ಆ ಬೈಕು ನಿಮ್ಮ ಸ್ವಂತದ್ದಾಗಿದ್ದರೆ ಅದನ್ನೂ ಮೊದಲ ಸಾಲಿನಲ್ಲಿಯೇ ತಿಳಿಸಿರಿ.