ಗೋಲು ಎಣಿಸುವ ಮೊದಲು ಓಟ ನೋಡಿ: ಎಳೆಯ ಹಾಕಿ ಫಾರ್ವರ್ಡ್‌ನನ್ನು ಅಳೆಯುವುದು ಹೇಗೆ?

ಹುಬ್ಬಳ್ಳಿ ಮತ್ತು ಬೆಟಗೇರಿಯ ಸೆಟ್ಲಮೆಂಟ್ ಓಣಿಗಳಿಗೆ ಹಾಕಿ ಹೊಸದಲ್ಲ. ಆದರೂ ಶಾಲಾ ಟೂರ್ನಿ ಮುಗಿದ ಸಂಜೆ ಎಲ್ಲರ ಕಣ್ಣು ಹೋಗುವುದು ಹೆಚ್ಚು ಗೋಲು ಹೊಡೆದ ಹುಡುಗನ ಕಡೆಗೇ. ಹದಿನಾಲ್ಕರ ವಯಸ್ಸಿನಲ್ಲಿ ಈ ಲೆಕ್ಕ ಬಹಳ ಸಲ ದಾರಿ ತಪ್ಪಿಸುತ್ತದೆ. ಹಾಕಿಯಲ್ಲಿ ಆಫ್‌ಸೈಡ್ ಇಲ್ಲ. ಗೋಲಿನ ಬಾಯಲ್ಲೇ ನಿಂತು, ಬಂದ ಚೆಂಡಿಗೆ ಸ್ಟಿಕ್ ತಾಗಿಸಿದವನ ಹೆಸರೂ ಸ್ಕೋರ್‌ಶೀಟಿನಲ್ಲಿ ಮೇಲೇ ಇರುತ್ತದೆ. ದೈಹಿಕ ಶಿಕ್ಷಣ ಶಿಕ್ಷಕರು, ಕ್ಲಬ್ ಕೋಚ್‌ಗಳು ಬೇರೆ ಕ್ರಮದಲ್ಲಿ ನೋಡಬೇಕು.

ಮೊದಲು ಜನ್ಮದಿನಾಂಕ

ವಯೋಮಿತಿಯ ಲೆಕ್ಕ ಸಾಮಾನ್ಯವಾಗಿ ಜನವರಿ 1ರಿಂದ ಶುರು. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು, ಆಡುವುದು ಮಾತ್ರ ಒಂದೇ ಗುಂಪಿನಲ್ಲಿ. ಹುಡುಗಿಯರು ಸುಮಾರು 12ರಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಈ ಹಂತ ಮೊದಲೇ ದಾಟಿದವನು ಬರೀ ಮೈಬಲದಿಂದ ಎದುರಾಳಿಯನ್ನು ಹಿಂದಿಕ್ಕುತ್ತಾನೆ. ಹದಿನೆಂಟಕ್ಕೆ ಉಳಿದವರೂ ಬೆಳೆದಾಗ ಆ ಮೇಲುಗೈ ಉಳಿಯುವುದಿಲ್ಲ. ಹಾಗಾಗಿ ಎತ್ತರವನ್ನು ಮೂರು ತಿಂಗಳಿಗೊಮ್ಮೆ ಬರೆದಿಡಿ, ಇನ್ನೆಷ್ಟು ಬೆಳೆಯಬಹುದೆಂಬ ಅಂದಾಜಿಗೆ ತಂದೆ-ತಾಯಿಯ ಎತ್ತರವನ್ನೂ ಕೇಳಿ. ಎತ್ತರ ಏರುವ ತಿಂಗಳುಗಳಲ್ಲಿ ಮಂಡಿಯ ಕೆಳಗೆ ನೋವು, ಕಾಲು ತೊಡರುವುದು ಸಾಮಾನ್ಯ. ಆಗಿನ ಕಳಪೆ ಆಟ ನೋಡಿ ಹೆಸರು ಹೊಡೆದುಹಾಕಬೇಡಿ.

ಮೂರು ಪಂದ್ಯ, ಒಂದು ನೋಟ್‌ಬುಕ್

ಒಂದೇ ಟ್ರಯಲ್ ನೋಡಿ ತೀರ್ಮಾನ ಬೇಡ. ಕನಿಷ್ಠ ಮೂರು ಪಂದ್ಯ ನೋಡಿ: ದುರ್ಬಲ ತಂಡದ ಎದುರು ಒಂದು, ಸಮಬಲದ್ದೊಂದು, ಸೋಲುವ ಪಂದ್ಯವೊಂದು. ಮೂರನೆಯದೇ ಹೆಚ್ಚು ಹೇಳುತ್ತದೆ. ಕುಳಿತುಕೊಳ್ಳುವುದು ಗೋಲಿನ ಹಿಂದಲ್ಲ. ಸೈಡ್‌ಲೈನ್ ಪಕ್ಕದಲ್ಲಿ, ಆದಷ್ಟು ಎತ್ತರದ ಮೆಟ್ಟಿಲ ಮೇಲೆ.

ಕಣ್ಣು ಚೆಂಡಿನ ಮೇಲಿರಬಾರದು, ಆ ಹುಡುಗನ ಮೇಲಿರಬೇಕು. ಇದು ಹೇಳಿದಷ್ಟು ಸುಲಭವಲ್ಲ, ಐದು ನಿಮಿಷದಲ್ಲಿ ಕಣ್ಣು ಮತ್ತೆ ಚೆಂಡಿನ ಹಿಂದೆ ಓಡುತ್ತದೆ. ಚೆಂಡು ಕೇಳಲು ಅವನು ಓಡಿದಾಗಲೆಲ್ಲ ಒಂದು ಗೆರೆ ಎಳೆಯಿರಿ. ಪಾಸ್ ಬರಲಿಲ್ಲವೆಂದು ಓಟವನ್ನು ಲೆಕ್ಕದಿಂದ ಬಿಡಬೇಡಿ, ತಪ್ಪು ಮಿಡ್‌ಫೀಲ್ಡರನದೂ ಇರಬಹುದು.

ಒಳ್ಳೆಯ ಓಟಕ್ಕೆ ಎರಡು ಭಾಗ. ಮೊದಲು ಚೆಂಡಿನಿಂದ ದೂರ ಮೂರ್ನಾಲ್ಕು ಹೆಜ್ಜೆ, ಡಿಫೆಂಡರ್ ಬೆನ್ನುಹತ್ತುತ್ತಾನೆ. ಆಮೇಲೆ ಥಟ್ಟನೆ ತಿರುಗಿ ಓರೆಯಾಗಿ ಚೆಂಡಿನತ್ತ. ಮಿಡ್‌ಫೀಲ್ಡರ್ ತಲೆ ಎತ್ತುವ ಹೊತ್ತಿಗೇ ತಿರುಗಬೇಕು. ಎಳೆಯರು ಎಡವುವುದು ಇಲ್ಲೇ. ಮೊದಲೇ ಓಡಿ, ಜಾಗ ತಲುಪಿ, ನಿಂತು ಕಾಯುತ್ತಾರೆ. ಇಲ್ಲವೇ ನೇರವಾಗಿ ಚೆಂಡಿನತ್ತ ನುಗ್ಗುತ್ತಾರೆ. ನೇರ ನುಗ್ಗಿದರೆ ಡಿಫೆಂಡರನಿಗೆ ಆಟಗಾರನೂ ಚೆಂಡೂ ಒಂದೇ ನೋಟದಲ್ಲಿ ಸಿಗುತ್ತವೆ, ಅವನ ಕೆಲಸ ಹಗುರ.

ಚೆಂಡು ಹಿಡಿಯುವಾಗ ಮೈ ಅರ್ಧ ತಿರುಗಿ ಗೋಲು ಕಾಣುವಂತಿದೆಯೇ ನೋಡಿ. ಬೆನ್ನು ಗೋಲಿಗಿದ್ದರೆ ತಿರುಗಲು ಇನ್ನೊಂದು ಸೆಕೆಂಡ್ ಬೇಕು.

ಡಿ ಒಳಗಿನ ಒಂದು ಸೆಕೆಂಡ್

ಡಿ ಎಂದರೆ ಗೋಲಿನ ಮುಂದೆ ಗೆರೆ ಎಳೆದ ಅರ್ಧವೃತ್ತ. ಅದರ ತ್ರಿಜ್ಯ 14.63 ಮೀಟರ್, ಫೀಲ್ಡ್ ಗೋಲಿಗೆ ಚೆಂಡನ್ನು ಅದರೊಳಗೆ ಆಡಬೇಕು. ಮೊಬೈಲಿನಲ್ಲಿ ವಿಡಿಯೋ ಮಾಡಿ, ಚೆಂಡು ಸ್ಟಿಕ್ ಮುಟ್ಟಿದಲ್ಲಿಂದ ಹೊಡೆತ ಹೊರಡುವವರೆಗೆ ಫ್ರೇಮ್ ಎಣಿಸಿ. 30 ಫ್ರೇಮ್ ಎಂದರೆ ಸಾಮಾನ್ಯ ವಿಡಿಯೋದಲ್ಲಿ ಒಂದು ಸೆಕೆಂಡ್. ತಾಲ್ಲೂಕು ಪಂದ್ಯದಲ್ಲಿ ಎರಡು ಸೆಕೆಂಡ್ ತೆಗೆದುಕೊಂಡರೂ ನಡೆಯುತ್ತದೆ, ರಾಜ್ಯ ತಂಡದ ಡಿಫೆಂಡರ್ ಅಷ್ಟು ಹೊತ್ತು ಬಿಡುವುದಿಲ್ಲ. ದೊಡ್ಡದಾಗಿ ಸ್ಟಿಕ್ ಬೀಸುವ ಹುಡುಗ ಚಂದ ಕಾಣುತ್ತಾನೆ. ಸಣ್ಣ ಬೀಸಿನ ಸ್ಲ್ಯಾಪ್, ಬೀಸದೆ ತಳ್ಳುವ ಪುಷ್, ಬಂದ ಚೆಂಡಿನ ದಿಕ್ಕು ಬದಲಿಸುವ ಡಿಫ್ಲೆಕ್ಷನ್ ಬರುವವನು ಮುಂದೆ ಹೋಗುತ್ತಾನೆ. ಪೆನಾಲ್ಟಿ ಕಾರ್ನರ್ (ಸಾಮಾನ್ಯವಾಗಿ ಡಿ ಒಳಗೆ ಡಿಫೆಂಡರ್ ತಪ್ಪೆಸಗಿದಾಗ ಸಿಗುವ ಅವಕಾಶ) ಗೋಲುಗಳನ್ನು ಬೇರೆ ಬರೆಯಿರಿ, ಕಾರ್ನರ್ ಗಿಟ್ಟಿಸಿಕೊಟ್ಟವನಿಗೂ ಗೋಲಿನಷ್ಟೇ ಅಂಕ ಕೊಡಿ.

ಎಡಬದಿಯವನನ್ನು ಬಲಬದಿಯವನೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸ್ಟಿಕ್ಕಿನ ಚಪ್ಪಟೆ ಬದಿಯಿಂದ ಮಾತ್ರ ಆಡಬೇಕಾದ ಕಾರಣ, ಬಲಬದಿಯಿಂದ ನುಗ್ಗುವವನನ್ನು ಡಿಫೆಂಡರ್ ರಿವರ್ಸ್ ಸ್ಟಿಕ್ಕಿನಲ್ಲಿ, ಅಂದರೆ ಸ್ಟಿಕ್ ತಿರುಗಿಸಿ ತನ್ನ ಎಡಕ್ಕೆ ಚಾಚಿ, ತಡೆಯಬೇಕಾಗುತ್ತದೆ. ಎಡಬದಿಯವನು ಡಿಫೆಂಡರನ ಗಟ್ಟಿ ಬದಿಗೇ ಎದುರಾಗುತ್ತಾನೆ. ಅಲ್ಲಿ ರಿವರ್ಸ್ ಹಿಟ್ ಕಲಿತ ಹದಿನೈದರ ಹುಡುಗ ಸಿಕ್ಕರೆ ಹೆಸರಿನ ಕೆಳಗೆ ಎರಡು ಗೆರೆ ಎಳೆಯಿರಿ.

ಗರಸು ನೆಲದಿಂದ ಟರ್ಫಿಗೆ

ಗರಸು ನೆಲದಲ್ಲಿ ಚೆಂಡು ಪುಟಿಯುತ್ತದೆ. ಅಲ್ಲಿ ಬೆಳೆದವರು ಸ್ಟಿಕ್ ನೆಟ್ಟಗೆ ಹಿಡಿದು, ತಲೆ ತಗ್ಗಿಸಿ ಚೆಂಡು ನಿಲ್ಲಿಸುತ್ತಾರೆ. ನೀರು ಹಾಯಿಸಿದ ಟರ್ಫಿನಲ್ಲಿ ಚೆಂಡು ನೆಲಕ್ಕಂಟಿ ವೇಗವಾಗಿ ಬರುತ್ತದೆ. ಮಂಡಿ ಬಾಗಿಸಿ ಸ್ಟಿಕ್ಕನ್ನು ಕೆಳಗಿಳಿಸಬೇಕು. ಮೊದಲ ದಿನ ಹತ್ತರಲ್ಲಿ ಆರು ಚೆಂಡು ತಪ್ಪಿದರೂ ಗಾಬರಿ ಬೇಡ. ಮೂರು-ನಾಲ್ಕು ಅಭ್ಯಾಸ ಕೊಟ್ಟು ಮತ್ತೆ ಎಣಿಸಿ. ಮೊದಲ ದಿನದ ಅಂಕಿಗಿಂತ ಎಷ್ಟು ಸುಧಾರಿಸಿದ ಎನ್ನುವುದೇ ಇಲ್ಲಿ ಮಾಪನ. ಅಣ್ಣನ 36.5 ಇಂಚಿನ ಭಾರದ ಸ್ಟಿಕ್ ಹಿಡಿದು ಬಂದಿದ್ದರೆ ಮೊದಲು ಅಳತೆಯ ಸ್ಟಿಕ್ ಕೊಡಿ.

ವೇಗಕ್ಕೆ 30 ಮೀಟರ್ ಓಟ, 10 ಮೀಟರಿನಲ್ಲಿ ಪ್ರತ್ಯೇಕ ಸಮಯ. ಡಿ ಒಳಗೆ ಕೆಲಸಕ್ಕೆ ಬರುವುದು ಆ ಮೊದಲ 10 ಮೀಟರ್. ನಂತರ 30 ಸೆಕೆಂಡಿಗೊಮ್ಮೆ ಆರು ಸಲ 30 ಮೀಟರ್ ಓಡಿಸಿ. ಕೊನೆಯ ಓಟ ಮೊದಲಿನದಕ್ಕಿಂತ ಎಷ್ಟು ನಿಧಾನವಾಯಿತು ಬರೆಯಿರಿ. ಭಾರತ ತಂಡದ ಮಾಜಿ ಫಾರ್ವರ್ಡ್, ಸೋಮವಾರಪೇಟೆಯ ಎಸ್.ವಿ. ಸುನಿಲ್ ವೇಗಕ್ಕೆ ಹೆಸರಾದವರು, ಹಾಗಾಗಿ ಎಲ್ಲರೂ ವೇಗವನ್ನೇ ಹುಡುಕುತ್ತಾರೆ. ಆದರೆ ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡಿನಲ್ಲಿ ಆ ವೇಗ ಕಾಣುತ್ತದೆಯೇ? ಸೊಂಟಕ್ಕೆ ಕೈಯಿಟ್ಟು ನಿಲ್ಲುವವನನ್ನು ಇಂದಿನ ಯಾವ ಕೋಚೂ ಇಟ್ಟುಕೊಳ್ಳುವುದಿಲ್ಲ.

ವೃತ್ತಿಯ ದಾರಿ

ಮನೆಯವರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕಾದ ಮಾತಿದು. 2024ರ ಡಿಸೆಂಬರ್ 28ರಂದು ಮತ್ತೆ ಶುರುವಾದ ಹಾಕಿ ಇಂಡಿಯಾ ಲೀಗಿನಲ್ಲಿ ಪುರುಷರ ತಂಡಗಳು ಎಂಟು. ಆ ಋತುವಿನಲ್ಲಿ ಪ್ರತಿ ತಂಡದ 24 ಆಟಗಾರರಲ್ಲಿ ಎಂಟು ಜನ ವಿದೇಶಿಯರು. ಉಳಿದ ಜಾಗವನ್ನು ಗೋಲ್‌ಕೀಪರ್, ಡಿಫೆಂಡರ್, ಮಿಡ್‌ಫೀಲ್ಡರ್ ಜೊತೆ ಹಂಚಿಕೊಂಡರೆ ಫಾರ್ವರ್ಡ್‌ಗಳ ಪಾಲು ಸಣ್ಣದು. ಹೆಚ್ಚಿನವರ ದಾರಿ ಕ್ರೀಡಾ ವಸತಿ ನಿಲಯ, ರಾಜ್ಯದ ಜೂನಿಯರ್ ತಂಡ, ಆಮೇಲೆ ರೈಲ್ವೆಯಂಥ ಇಲಾಖೆಯ ಕ್ರೀಡಾ ಕೋಟಾ. ಕೋಟಾ ನೌಕರಿಗೂ ಓದಿನ ಅರ್ಹತೆ ಕೇಳುತ್ತಾರೆ, ಎಸ್‌ಎಸ್‌ಎಲ್‌ಸಿ ಬಿಡಿಸಬೇಡಿ.

ವರದಿಯಲ್ಲಿ 'ಪ್ರತಿಭಾವಂತ' ಎಂಬ ಪದಕ್ಕಿಂತ ಅಂಕಿ ಇರಲಿ: ಎಷ್ಟು ಓಟ, ಎಷ್ಟು ಚೆಂಡು ಹಿಡಿದ, ಎಷ್ಟು ಸಲ ಡಿ ಹೊಕ್ಕ, ಹೊಡೆತಕ್ಕೆ ಎಷ್ಟು ಫ್ರೇಮ್. ಅದೇ ಹಾಳೆಯ ಎರಡನೇ ಕಾಲಂ ಖಾಲಿ ಬಿಟ್ಟು, ಆರು ತಿಂಗಳ ನಂತರದ ದಿನಾಂಕವನ್ನು ಈಗಲೇ ಬರೆದಿಡಿ.