ತೂಕ ಇಳಿಸುವ ಆಪರೇಷನ್: ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಬಗೆ

ಈ ಆಪರೇಷನ್ ಆದವರಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಆಸ್ಪತ್ರೆಯಲ್ಲಲ್ಲ, ಮನೆಗೆ ಹೋದ ಮೇಲೆ. ಕಾಲಿನಲ್ಲಿ ಕಟ್ಟಿದ ಗಡ್ಡೆ ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಕುತ್ತು.

ಹಿಂದೆ ನಿಮಗೋ ಮನೆಯವರಿಗೋ ಹೀಗಾಗಿದ್ದರೆ ಸರ್ಜನ್‌ಗೆ ಮೊದಲೇ ಹೇಳಿ. ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕ ಎಷ್ಟಿದೆ ಎಂದು ತೋರಿಸುವ ಲೆಕ್ಕ) 50 ದಾಟಿದ್ದರೂ, ನಡೆದಾಡುವುದು ಕಷ್ಟವಾಗಿದ್ದರೂ ಅಪಾಯ ಹೆಚ್ಚು. ಸಿಗರೇಟು ಬಿಡಿ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಸಾಮಾನ್ಯವಾಗಿ 4 ವಾರ ಮುಂಚೆ ನಿಲ್ಲಿಸಿ ಬೇರೆ ವಿಧಾನ ಕೊಡುತ್ತಾರೆ.

ಅರಿವಳಿಕೆ ಕೊಡುವ ಮೊದಲೇ ಕಾಲಿಗೆ ಗಾಳಿ ತುಂಬಿ ಒತ್ತುವ ಪಟ್ಟಿ ಕಟ್ಟುತ್ತಾರೆ. ಶೌಚಕ್ಕೆಂದು ಬಿಚ್ಚಿದ ಪಟ್ಟಿಯನ್ನು ಮತ್ತೆ ಕಟ್ಟದೆ ಮರೆಯುವುದೇ ಇಲ್ಲಿ ನಡೆಯುವ ದೊಡ್ಡ ಎಡವಟ್ಟು. ಬಿಗಿ ಕಾಲುಚೀಲವನ್ನು ನಾವು ಅಷ್ಟಾಗಿ ನಂಬುವುದಿಲ್ಲ: ದಪ್ಪ ತೊಡೆಯಲ್ಲಿ ಅದರ ಅಂಚು ಸುರುಳಿಯಾಗಿ ರಕ್ತದ ಹರಿವನ್ನೇ ತಡೆಯಬಹುದು. ನೋವಿದ್ದರೂ ಆಪರೇಷನ್ ಆದ ದಿನವೇ, ಒಬ್ಬರ ಆಸರೆಯಲ್ಲಿ, ಎದ್ದು ನಡೆಯಬೇಕು. ಕುರ್ಚಿಯಲ್ಲಿ ಕೂತರೆ ನಡೆದಂತಾಗುವುದಿಲ್ಲ.

ಇನ್ನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್. ಬಿಎಂಐ 40 ದಾಟಿದವರಿಗೆ ಅನೇಕ ಕಡೆ ಎನಾಕ್ಸಪರಿನ್ 40 ಮಿ.ಗ್ರಾಂ 12 ಗಂಟೆಗೊಮ್ಮೆ, 50 ದಾಟಿದವರಿಗೆ ಕೆಲವೆಡೆ 60 ಮಿ.ಗ್ರಾಂ ಕೊಡುತ್ತಾರೆ. ಕಿಡ್ನಿ ಸೋತಿದ್ದರೆ ಡೋಸ್ ಇಳಿಯುತ್ತದೆ, ರಕ್ತಸ್ರಾವದ ಭಯವಿದ್ದರೆ ತಡವಾಗುತ್ತದೆ, ನಿರ್ಧಾರ ವೈದ್ಯರದು. ಅಪಾಯ ಹೆಚ್ಚಿರುವವರು ಮನೆಯಲ್ಲೂ 2ರಿಂದ 4 ವಾರ ಚುಚ್ಚಿಕೊಳ್ಳಬೇಕಾಗುತ್ತದೆ. ಹೊಕ್ಕುಳಿನಿಂದ 5 ಸೆಂ.ಮೀ. ಆಚೆ, ಹೊಲಿಗೆ ಇಲ್ಲದ ಕಡೆ, ಚರ್ಮವನ್ನು ಮಡಿಕೆಯಾಗಿ ಹಿಡಿದು ಸೂಜಿಯನ್ನು ನೇರವಾಗಿ ಪೂರ್ತಿ ಇಳಿಸಿ. ಪೂರ್ತಿ ಡೋಸ್ ತುಂಬಿಬಂದ ಸಿರಿಂಜಿನಲ್ಲಿರುವ ಗಾಳಿಗುಳ್ಳೆಯನ್ನು ಹೊರಹಾಕಬೇಡಿ, ಔಷಧಿಯೂ ಹೋಗಿಬಿಡುತ್ತದೆ. ಸೂಜಿ ತೆಗೆದ ಮೇಲೆ ಉಜ್ಜಬೇಡಿ, ಉಜ್ಜಿದರೆ ನೀಲಿಗಟ್ಟುತ್ತದೆ. ಮುಂದಿನ ಸಲ ಇನ್ನೊಂದು ಬದಿಗೆ ಹಾಕಿ. ನೋವಿಗೆ ಐಬುಪ್ರೊಫೆನ್‌ನಂಥ ಮಾತ್ರೆ ಸೇರಿಸಬೇಡಿ. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರಬಹುದು.

ಹೊಟ್ಟೆ ಕಿರಿದಾದ ಮೇಲೆ ಒಮ್ಮೆಗೇ ನೀರು ಇಳಿಯುವುದಿಲ್ಲ. ವಾಂತಿಯೂ ಸೇರಿ ದೇಹ ಒಣಗಿದರೆ ಕರುಳಿನ ರಕ್ತನಾಳದಲ್ಲೂ ಗಡ್ಡೆ ಕಟ್ಟಬಹುದು, ಸ್ಲೀವ್ ಆಪರೇಷನ್ (ಜಠರದ ಬಹುಭಾಗ ತೆಗೆದು ಕೊಳವೆಯಷ್ಟೇ ಉಳಿಸುವುದು) ಆದವರಲ್ಲಿ ಇದು ಕಂಡಿದೆ. ಗುಟುಕು ಗುಟುಕಾಗಿ ದಿನಕ್ಕೆ ಸುಮಾರು 1.5 ಲೀಟರ್ ಮುಟ್ಟಿಸಿ. ಬಿಡದ ಹೊಟ್ಟೆನೋವನ್ನು ಗ್ಯಾಸ್ ಎಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತೋರಿಸಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೂ ಹಾಗೆಯೇ. ದಿಢೀರ್ ಉಸಿರು ಕಟ್ಟುವುದು, ಎದೆನೋವು, ಕೆಮ್ಮಿದಾಗ ರಕ್ತ, ಕಪ್ಪು ಮಲ: ಇವುಗಳಲ್ಲಿ ಒಂದು ಕಂಡರೂ ನೇರ ತುರ್ತು ವಿಭಾಗಕ್ಕೆ ಹೋಗಿ, ಕೊನೆಯ ಇಂಜೆಕ್ಷನ್ ಎಷ್ಟು ಗಂಟೆಗೆ ಎಂಬುದನ್ನು ಹೇಳಿ.